ಪೋರ್ಟ್ ಪಟ್ಟಿ ಉರು ಹೊಡೆದರೆ ನೆಟ್‌ವರ್ಕಿಂಗ್ ಬರುವುದಿಲ್ಲ

ಮಾನ್ಯ ಸಂಪಾದಕರೇ,

ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಕಟ್ಟುವವರಿಗೆಂದು ಶಿಕ್ಷಣ ಪುರವಣಿಗಳಲ್ಲಿ ಬರುವ ಮಾರ್ಗದರ್ಶಿ ಬರಹಗಳು ಬಹುತೇಕ ಒಂದೇ ಅಚ್ಚಿನವು. ನೆಟ್‌ವರ್ಕಿನ ಕೆಲಸವನ್ನು ಏಳು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಪದರಗಳ ಹೆಸರು, ಯಾವ ಸೇವೆಗೆ ಯಾವ ಸಂಖ್ಯೆ ಎಂದು ಹೇಳುವ ಒಂದು ಪೋರ್ಟ್ ಪಟ್ಟಿ, ಕೊನೆಗೊಂದಿಷ್ಟು ಮಾದರಿ ಪ್ರಶ್ನೋತ್ತರ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ 53, ಎಚ್‌ಟಿಟಿಪಿಎಸ್‌ಗೆ 443 ಎಂಬುದು ಗೊತ್ತಿರಬೇಕು, ನಿಜ. ಆದರೆ ಅದು ಒಂದೆರಡು ಸಂಜೆಯ ಕೆಲಸ. ಅಭ್ಯರ್ಥಿಗಳು ಮುಗ್ಗರಿಸುವುದು ಅಲ್ಲಿ ಅಲ್ಲ. ಐಪಿ ವಿಳಾಸ, ಅದರಲ್ಲಿ ಎಷ್ಟು ಭಾಗ ನೆಟ್‌ವರ್ಕಿನದು ಎಂದು ಹೇಳುವ ಸಬ್‌ನೆಟ್ ಮಾಸ್ಕ್, ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ಗೇಟ್‌ವೇ ಈ ಮೂರರ ಲೆಕ್ಕ ಕೈಗೆ ಹತ್ತದೆ ಉಳಿದಾಗ.

ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯಲ್ಲಿ 90 ನಿಮಿಷಕ್ಕೆ ಗರಿಷ್ಠ 90 ಪ್ರಶ್ನೆ. 100ರಿಂದ 900ರ ಅಳತೆಯಲ್ಲಿ 720 ಬಂದರೆ ಪಾಸು. ಸಿಸ್ಕೊದ ಸಿಸಿಎನ್‌ಎಗೆ 120 ನಿಮಿಷ ಇದೆ, ಆದರೆ ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಿನದಕ್ಕೆ ಮರಳುವಂತಿಲ್ಲ. ಎರಡರಲ್ಲೂ ಟಿಕ್ ಮಾಡುವ ಪ್ರಶ್ನೆಗಳ ಜೊತೆಗೆ ಪರದೆಯ ಮೇಲೆ ಮಾಡಿ ತೋರಿಸುವ ಪ್ರಶ್ನೆಗಳೂ ಬರುತ್ತವೆ. ಹೀಗಿರುವಾಗ ಸಬ್‌ನೆಟ್ ಲೆಕ್ಕಕ್ಕೆ ಪ್ರತಿ ಸಲವೂ 32 ಸೊನ್ನೆ-ಒಂದುಗಳನ್ನು ಬರೆಯುತ್ತ ಕೂತರೆ ಹೊತ್ತು ಸಾಲದು. ಬೈನರಿಯಲ್ಲಿ ಒಂದಷ್ಟು ಸಲ ಮಾಡಿ ಅರ್ಥ ಮಾಡಿಕೊಂಡ ಮೇಲೆ ಅದನ್ನು ಪಕ್ಕಕ್ಕಿಡಬೇಕು.

ಪಕ್ಕಕ್ಕಿಟ್ಟು ಮಾಡುವುದು ಹೀಗೆ. 192.168.10.70/26 ಎಂದು ಕೊಟ್ಟಿದ್ದಾರೆ. /26 ಎಂದರೆ ಮಾಸ್ಕಿನ 32 ಬಿಟ್‌ಗಳಲ್ಲಿ ಮೊದಲ 26 ಒಂದುಗಳು; ಹಾಗಾಗಿ ಅದರ ಕೊನೆಯ ಭಾಗ 192. ಅದನ್ನು 256ರಿಂದ ಕಳೆದರೆ 64. ಇದು ಬ್ಲಾಕಿನ ಗಾತ್ರ. ನೆಟ್‌ವರ್ಕ್‌ಗಳು 0, 64, 128, 192ರಲ್ಲಷ್ಟೇ ಶುರುವಾಗುತ್ತವೆ. 70 ಬೀಳುವುದು 64ರ ಬ್ಲಾಕಿನಲ್ಲಿ. ಹಾಗಾಗಿ ನೆಟ್‌ವರ್ಕ್ ವಿಳಾಸ 64, ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ವಿಳಾಸ 127, ಯಂತ್ರಗಳಿಗೆ ಕೊಡಬಹುದಾದದ್ದು 65ರಿಂದ 126ರವರೆಗೆ, ಒಟ್ಟು 62. ಬಾಯಿಪಾಠ ಮಾಡಲೇಬೇಕೆಂದರೆ 128, 192, 224, 240, 248, 252 ಎಂಬ ಮಾಸ್ಕಿನ ಈ ಆರು ಅಂಕಿಗಳನ್ನು ಮಾಡಲಿ.

ಎಡವಟ್ಟಾಗುವುದು /24ಕ್ಕಿಂತ ದೊಡ್ಡ ನೆಟ್‌ವರ್ಕ್‌ಗಳಲ್ಲಿ. 172.16.37.5/20ರಲ್ಲಿ ಮಾಸ್ಕ್ 255.255.240.0, ಬ್ಲಾಕ್ 16, ಆದರೆ ಅದು ಎಣಿಕೆಯಾಗುವುದು ಮೂರನೆಯ ಭಾಗದಲ್ಲಿ. ಅಭ್ಯಾಸಬಲದಿಂದ ನಾಲ್ಕನೆಯ ಭಾಗದಲ್ಲಿ 16ರ ಮಗ್ಗಿ ಹೇಳಿ 172.16.37.0 ಎಂದು ಬರೆದವರಿಗೆ ಉತ್ತರ ತಪ್ಪಿತು. ಸರಿಯಾದದ್ದು 172.16.32.0, ಬ್ರಾಡ್‌ಕಾಸ್ಟ್ 172.16.47.255.

ಲೆಕ್ಕ ಬಂದ ಮಾತ್ರಕ್ಕೆ ಅದು ಯಾತಕ್ಕೆ ಎಂಬುದು ತಿಳಿದಂತಲ್ಲ. ಕಂಪ್ಯೂಟರು ಪ್ಯಾಕೆಟ್ ಕಳಿಸುವ ಮೊದಲು ನಿರ್ಧರಿಸಬೇಕಾದ ಸಂಗತಿ ಒಂದೇ: ಗುರಿ ನನ್ನ ಸಬ್‌ನೆಟ್ಟಿನೊಳಗಿದೆಯೇ, ಹೊರಗಿದೆಯೇ? ಅದನ್ನು ಹೇಳುವುದು ಮಾಸ್ಕ್. ಒಳಗಿದ್ದರೆ ಗುರಿಯ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಯಾವುದೆಂದು ಎಆರ್‌ಪಿ ಮೂಲಕ ಕೂಗಿ ಕೇಳುತ್ತದೆ. ಹೊರಗಿದ್ದರೆ ಗೇಟ್‌ವೇಯ ಮ್ಯಾಕ್ ವಿಳಾಸ ಕೇಳಿ ಪ್ಯಾಕೆಟ್ಟನ್ನು ಅದರ ಕೈಗೆ ಕೊಡುತ್ತದೆ. ಮುಂದೆ ಪ್ರತಿ ರೂಟರಿನಲ್ಲೂ ಮ್ಯಾಕ್ ವಿಳಾಸಗಳು ಬದಲಾಗುತ್ತವೆ, ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆಯಾದ ಟಿಟಿಎಲ್ ಒಂದೊಂದೇ ಇಳಿಯುತ್ತದೆ. ನಡುವೆ ಐಪಿ ವಿಳಾಸ ಬದಲಿಸುವ ನ್ಯಾಟ್ ಇಲ್ಲದಿದ್ದರೆ ಐಪಿ ವಿಳಾಸಗಳು ಹಾಗೇ ಉಳಿಯುತ್ತವೆ. ಮ್ಯಾಕ್ ಇರುವ ಎರಡನೆಯ ಪದರಕ್ಕೂ ಐಪಿ ಇರುವ ಮೂರನೆಯದಕ್ಕೂ ಏನು ವ್ಯತ್ಯಾಸ ಎಂದು ಪುಟಗಟ್ಟಲೆ ಓದುವುದಕ್ಕಿಂತ, ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು ಒಂದು ಎಆರ್‌ಪಿ ಪ್ರಶ್ನೆ, ಅದರ ಉತ್ತರ, ಆಮೇಲಿನ ಪಿಂಗ್ (ಗುರಿ ಓಗೊಡುತ್ತದೆಯೇ ಎಂದು ನೋಡುವ ಪರೀಕ್ಷೆ) ಇಷ್ಟನ್ನು ನೋಡುವುದು ಮೇಲು. ಆ ತಂತ್ರಾಂಶ ಉಚಿತ.

ಮಾಸ್ಕ್ ತಪ್ಪಿದರೆ ಏನಾಗುತ್ತದೆ? ಮೇಲಿನ .70 ಯಂತ್ರಕ್ಕೆ /26ರ ಬದಲು /24 ಮಾಸ್ಕ್ ಹಾಕಿದ್ದಾರೆ ಎನ್ನಿ, ಗೇಟ್‌ವೇ .65 ಸರಿಯಾಗಿಯೇ ಇದೆ. ಇಂಟರ್ನೆಟ್ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಹೊರಗಿನ ವಿಳಾಸಗಳು ಹೇಗಿದ್ದರೂ ಗೇಟ್‌ವೇಗೇ ಹೋಗುತ್ತವೆ. ಆದರೆ ಪಕ್ಕದ ಸಬ್‌ನೆಟ್ಟಿನಲ್ಲಿ .130ರಲ್ಲಿರುವ ಪ್ರಿಂಟರ್ ಸಿಗುವುದಿಲ್ಲ. ಯಂತ್ರ ಅದನ್ನು ತನ್ನ ಸಬ್‌ನೆಟ್ಟಿನದೇ ಎಂದುಕೊಂಡು ಎಆರ್‌ಪಿಯಲ್ಲಿ ಕೂಗುತ್ತಲೇ ಇರುತ್ತದೆ, ಓಗೊಡುವವರಿಲ್ಲ. ವಿಂಡೋಸ್‌ನಲ್ಲಿ ಪಿಂಗ್ ಮಾಡಿದರೆ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಉತ್ತರ ಬರುತ್ತದೆ, ಅದೂ ತನ್ನದೇ ವಿಳಾಸವಾದ .70ರಿಂದ. ಕಣ್ಣಿಡಬೇಕಾದದ್ದು ಇಲ್ಲೇ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದಿದ್ದರೆ ಪ್ಯಾಕೆಟ್ ಹೊರಟಿದೆ, ಉತ್ತರ ಮರಳಿಲ್ಲ ಎಂದಾಗುತ್ತಿತ್ತು. ತನ್ನ ವಿಳಾಸದಿಂದಲೇ ಅನ್‌ರೀಚಬಲ್ ಬಂದರೆ ಪ್ಯಾಕೆಟ್ ಹೊರಟೇ ಇಲ್ಲ. (ರೂಟರಿನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇದ್ದರೆ ಪ್ರಿಂಟರಿನ ಪರವಾಗಿ ಅದೇ ಉತ್ತರಿಸಿ ತಪ್ಪನ್ನು ಮುಚ್ಚಿಹಾಕುತ್ತದೆ. ರೂಟರ್ ಬದಲಾಯಿಸಿದ ದಿನ ಅದು ಬಯಲಾಗುತ್ತದೆ.)

ಒಂದು ನೆಟ್‌ವರ್ಕನ್ನು ಬೇರೆ ಬೇರೆ ಗಾತ್ರದ ತುಂಡುಗಳಾಗಿ ಹಂಚುವ ವಿಎಲ್‌ಎಸ್‌ಎಂ ಪ್ರಶ್ನೆಗಳಿಗೆ ಒಂದೇ ಸೂತ್ರ: ದೊಡ್ಡದು ಮೊದಲು. 192.168.10.0/24ನ್ನು 50, 25, 10 ಯಂತ್ರಗಳಿಗೂ ಎರಡು ರೂಟರ್‌ಗಳ ನಡುವಿನ ಕೊಂಡಿಗೂ ಹಂಚಬೇಕಿದ್ದರೆ ಕ್ರಮವಾಗಿ .0/26, .64/27, .96/28, .112/30. ಚಿಕ್ಕದನ್ನು ಮೊದಲು ಹಂಚಿ .0/30 ಕೊಟ್ಟುಬಿಟ್ಟವರು ಮುಂದಿನದನ್ನು .4/26 ಎಂದು ಬರೆಯುತ್ತಾರೆ. ಅಂಥ ನೆಟ್‌ವರ್ಕೇ ಇಲ್ಲ; .4 ಎಂಬುದು .0/26ರೊಳಗಿನ ಒಂದು ಯಂತ್ರದ ವಿಳಾಸ. ಎರಡೂ ಒಂದರ ಮೇಲೊಂದು ಬೀಳುತ್ತವೆ.

ದೋಷ ಹುಡುಕುವ ಪ್ರಶ್ನೆಗಳಲ್ಲಿ ಹತ್ತಿರದಿಂದ ದೂರಕ್ಕೆ ಹೋಗುವುದೇ ಕ್ರಮ. ಮೊದಲು ಯಂತ್ರದ ವಿಳಾಸ ನೋಡಬೇಕು. 169.254ರಿಂದ ಶುರುವಾಗಿದ್ದರೆ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಬಂದಿಲ್ಲ ಎಂದೇ ಅರ್ಥ. ಇನ್ನು ಡಿಎನ್‌ಎಸ್ ಕೆದಕುವುದು ವ್ಯರ್ಥ. ನಂತರ ಗೇಟ್‌ವೇಗೆ ಪಿಂಗ್, ಆಮೇಲೆ ಹೊರಗಿನ ಒಂದು ಐಪಿಗೆ, ಕೊನೆಗೆ ಹೆಸರಿಗೆ. ಐಪಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಆಗ ಡಿಎನ್‌ಎಸ್ ಕಡೆ ತಿರುಗಬೇಕು. ಪಿಂಗ್ ಬರಲಿಲ್ಲವೆಂದ ಮಾತ್ರಕ್ಕೆ ಎದುರಿನ ಯಂತ್ರ ಸತ್ತಿದೆ ಎನ್ನಲಾಗದು, ಫೈರ್‌ವಾಲ್ ತಡೆದಿರಬಹುದು. ಒಂದೇ ಸಬ್‌ನೆಟ್ಟಿನ ಯಂತ್ರವಾದರೆ ಪಿಂಗ್ ಮಾಡಿದ ಬೆನ್ನಿಗೇ ಎಆರ್‌ಪಿ ಪಟ್ಟಿ ನೋಡಿ; ಅಲ್ಲಿ ಅದರ ಮ್ಯಾಕ್ ವಿಳಾಸ ಕೂತಿದ್ದರೆ ಕೇಬಲ್, ಸ್ವಿಚ್ ಎರಡೂ ಸರಿ ಇವೆ.

ಕೇಬಲ್ ಪಾಠವನ್ನು ಬಣ್ಣಗಳ ಹಾಡು ಮಾಡಿ ಮುಗಿಸುವವರೇ ಹೆಚ್ಚು. ಎರಡೂ ತುದಿಯಲ್ಲಿ ಬಣ್ಣಗಳ ಕ್ರಮ ಒಂದೇ ಇದ್ದರೆ ಸಾಕೆಂದು ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಕೂರಿಸಿದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಉರಿಯುತ್ತವೆ, ಕೇಬಲ್ ಮಾತ್ರ ಕೈಕೊಡುತ್ತದೆ. 3 ಮತ್ತು 6ನೇ ಪಿನ್ ಒಂದೇ ಹೆಣೆದ ಜೋಡಿಯವಾಗಿರಬೇಕು. ಬೇರೆ ಬೇರೆ ಜೋಡಿಯವಾದರೆ ಹೆಣಿಗೆಯ ಉದ್ದೇಶವೇ ಹಾಳಾಗಿ ಒಂದರ ಸಂಕೇತ ಇನ್ನೊಂದಕ್ಕೆ ಹಾಯುತ್ತದೆ. ತಂತಿ ತುಂಡಾಗಿಲ್ಲ ಎಂಬುದಷ್ಟೇ ದೀಪದ ಸಾಕ್ಷಿ.

ನಿಮ್ಮ ಪುರವಣಿಯಲ್ಲಿ ಪ್ರಶ್ನೋತ್ತರ ಪಟ್ಟಿಯ ಜಾಗದಲ್ಲಿ ವಾರಕ್ಕೊಂದು ಕೆಟ್ಟ ಸಂರಚನೆಯನ್ನು ಹಾಗೇ ಅಚ್ಚು ಹಾಕಿ ‘ಎಲ್ಲಿ ತಪ್ಪಿದೆ?’ ಎಂದು ಕೇಳಿ, ಮುಂದಿನ ವಾರ ಕಾರಣದ ಸಮೇತ ಉತ್ತರ ಕೊಡಬೇಕೆಂದು ಕೋರಿಕೆ. ಮೊದಲನೆಯದಕ್ಕೆ ಇದನ್ನೇ ಬಳಸಬಹುದು: ಯಂತ್ರದ ವಿಳಾಸ 10.1.77.200/21, ಗೇಟ್‌ವೇ 10.1.80.1. ಈ ಯಂತ್ರ ಹೊರಗಿನ ನೆಟ್‌ವರ್ಕ್ ಮುಟ್ಟಬಲ್ಲದೇ?

– ನೆಟ್‌ವರ್ಕಿಂಗ್ ಬೋಧಕರೊಬ್ಬರು