ಮಳೆಗಾಲ ಶುರುವಾಗೋದ್ರೊಳಗೆ ನಮ್ಮನೆ ಹಂಚಿನ ಮಾಡು ಹೊಸದಾಗ್ಬೇಕು, ನೀವೂ ಕೈಲಾದಷ್ಟು ಕೊಡಿ

ಎಲ್ಲರಿಗೂ ನಮಸ್ಕಾರ. ಕುಮಟಾ ಕಡೆ ಇರೋ ನಮ್ಮ ಆಶ್ರಯದ ಮನೆ ನಿಮ್ಮಲ್ಲಿ ಕೆಲವರಿಗೆ ಗೊತ್ತು, ಚೌತಿಗೆ ಊರಿಗೆ ಬಂದಾಗ ಬಾಳೆಗೊನೆ ತಂದುಕೊಟ್ಟು ಅಜ್ಜಿಯರ ಹತ್ರ ಒಂದಷ್ಟು ಹೊತ್ತು ಕೂತು ಹೋದವರೂ ಇದ್ದೀರಿ. ಗೊತ್ತಿಲ್ಲದವರಿಗೆ ಶುರುವಿಂದ ಹೇಳ್ತೀನಿ.

ಈ ಮನೆ ನಮ್ಮೂರ ಶಾಲೆಯ ಅಕ್ಕೋರದ್ದು, ನಮ್ಮ ಕಡೆ ಟೀಚರಮ್ಮನಿಗೆ ಹಾಗೇ ಅನ್ನೋದು. ರಿಟೈರ್ ಆದ್ಮೇಲೆ ಒಬ್ರೇ ಇದ್ರು. ಬೋಟ್ ಕೆಲಸಕ್ಕೆ ಹೋಗ್ತಿದ್ದ ಒಬ್ಬ ಅಜ್ಜನಿಗೆ ಲಕ್ವ ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋಗಿತ್ತು, ಆಸ್ಪತ್ರೆಯಲ್ಲಿ ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ್ರು, ಆದ್ರೆ ಅವರಿಗೆ ಮನೆ ಅಂತ ಇದ್ದಿದ್ದೇ ಬಸ್ ಸ್ಟ್ಯಾಂಡು. ಅಕ್ಕೋರು ಆಟೋದಲ್ಲಿ ಕೂರಿಸ್ಕೊಂಡು ಬಂದು ತಮ್ಮ ಜಗಲಿ ಮೇಲೆ ಹಾಸಿಗೆ ಹಾಸಿ ಮಲಗಿಸಿದ್ರು. ಉದ್ಘಾಟನೆ ಇಲ್ಲ, ಬೋರ್ಡ್ ಇಲ್ಲ, ಆಮೇಲೆ ಅಂಥವರು ಒಬ್ಬೊಬ್ರಾಗಿ ಸೇರ್ಕೊಂಡ್ರು, ಟ್ರಸ್ಟ್ ಆಗಿದ್ದು ಎಷ್ಟೋ ವರ್ಷ ಕಳೆದ್ಮೇಲೆ.

ಇಷ್ಟೊಂದು ಜನರನ್ನ ಹೇಗೆ ಸುಧಾರಿಸ್ತೀರಿ ಅಂತ ಯಾರಾದ್ರೂ ಕೇಳಿದ್ರೆ ಅಕ್ಕೋರು ಲಿಯೊನಾರ್ಡ್ ಚೆಶೈರ್ ಕತೆ ಹೇಳೋರು. ಬ್ರಿಟಿಷ್ ವಾಯುಪಡೆಯ ಪೈಲಟ್, ವಿಕ್ಟೋರಿಯಾ ಕ್ರಾಸ್ ಪಡೆದವರು, 1945ರಲ್ಲಿ ನಾಗಸಾಕಿ ಮೇಲೆ ಬಾಂಬ್ ಬಿದ್ದಿದ್ದನ್ನ ವಿಮಾನದಿಂದ ಕಣ್ಣಾರೆ ಕಂಡವರು. 1948ರಲ್ಲಿ ಆರ್ಥರ್ ಡೈಕ್ಸ್ ಅನ್ನೋ ಕ್ಯಾನ್ಸರ್ ರೋಗಿಗೆ ಹೋಗೋಕೆ ಜಾಗ ಇಲ್ಲ ಅಂತ ಗೊತ್ತಾಗಿ ಲೆ ಕೋರ್ಟ್ ಅನ್ನೋ ತಮ್ಮ ಮನೆಗೇ ಕರ್ಕೊಂಡು ಬಂದು, ತಾವೇ ಆರೈಕೆ ಮಾಡಿದ್ರು. ಡೈಕ್ಸ್ ಅದೇ ವರ್ಷ ತೀರಿಕೊಂಡ್ರು, ಆದ್ರೆ ಮನೆ ಖಾಲಿ ಆಗ್ಲಿಲ್ಲ, ದಿಕ್ಕಿಲ್ಲದವರು ಒಬ್ಬೊಬ್ರಾಗಿ ಬರ್ತಾನೇ ಇದ್ರು. 1950ರ ದಶಕದಲ್ಲೇ ಮುಂಬೈ ಅಂಧೇರಿಯಲ್ಲೂ ಅಂಥದ್ದೊಂದು ಮನೆ ಆಯ್ತು, ಬೆಂಗಳೂರಲ್ಲೂ ಇದೆ. ನಮಗೂ ಈ ಮನೆಗಳ ಚೆಶೈರ್ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲ. ಆದ್ರೆ ಅಕ್ಕೋರು ಧೈರ್ಯ ತಗೊಂಡಿದ್ದು ಅಲ್ಲಿಂದ, 'ಎದುರಿಗೆ ಇರೋ ಒಬ್ರನ್ನ ಮೊದ್ಲು ನೋಡು' ಅನ್ನೋರು.

ಆ ಒಬ್ರನ್ನ ನೋಡ್ಕೊಳ್ಳೋದು ಅಂದ್ರೆ ಏನು ಅಂತ ಹೊರಗಿನವರಿಗೆ ತಿಳಿಯೋದಿಲ್ಲ. ಹಾಸಿಗೆ ಹಿಡಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು, ರಾತ್ರಿನೂ, ಇಲ್ಲಾಂದ್ರೆ ಸೊಂಟದ ಹತ್ರ ಚರ್ಮ ಕೆಂಪಾಗಿ ಹುಣ್ಣಾಗುತ್ತೆ, ಒಮ್ಮೆ ಆದ್ರೆ ಮಾಯೋದಕ್ಕೆ ತಿಂಗಳುಗಟ್ಟಲೆ ಬೇಕು. ಕುಚ್ಚಲಕ್ಕಿ ಗಂಜಿ ಚಮಚದಲ್ಲಿ ಕುಡಿಸ್ಬೇಕು, ಅವಸರ ಮಾಡಿದ್ರೆ ನೆತ್ತಿಗೆ ಹತ್ತುತ್ತೆ. ಇನ್ನು ಜೋರು ಹುಷಾರಿಲ್ಲ ಅಂತಾದ್ರೆ ಮಣಿಪಾಲಕ್ಕೇ ಓಡ್ಬೇಕು, ನೂರು ಕಿಲೋಮೀಟರ್ ಮೇಲಾಗುತ್ತೆ. 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಕಾರವಾರದಿಂದ ಬರ್ಬೇಕಿದ್ದ ಮಾತ್ರೆ ಬರ್ಲೇ ಇಲ್ಲ, ಆ ದಿನಗಳನ್ನ ನೆನೆಸಿಕೊಂಡ್ರೆ ಈಗ್ಲೂ ಎದೆ ಹೊಡ್ಕೊಳ್ಳುತ್ತೆ.

ಮಕ್ಕಳಿಲ್ವಾ, ಕೇಸ್ ಹಾಕಿ ಅಂತ ಕೆಲವರು ಹೇಳ್ತಾರೆ. ಹಿರಿಯ ನಾಗರಿಕರ ಪೋಷಣೆಗೆ ಅಂತ ಇರೋ 2007ರ ಕಾನೂನಿನಲ್ಲಿ ತಂದೆತಾಯಿ ಎಸಿ (ಉಪವಿಭಾಗಾಧಿಕಾರಿ) ಹತ್ರ ಅರ್ಜಿ ಹಾಕಿ ಜೀವನಾಂಶ ಕೇಳ್ಬಹುದು, ಹೌದು. ಆದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಕೇಸ್ ಹಾಕೋಕೆ ಯಾರೂ ಇಲ್ಲ. ಇದ್ದವರು 'ಮಗನ ಮೇಲೆ ಕೋರ್ಟಿಗೆ ಹೋಗೋದಾ?' ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಹೆಂಗಸರ ಕೋಣೆ ಮಾಡಿನ ಪಕಾಸು, ರೀಪು, ಅಂದ್ರೆ ಹಂಚು ಹೊರೋ ಮರದ ತೊಲೆ, ಪಟ್ಟಿ ಎಲ್ಲ ಒರಲೆ ಹಿಡಿದಿದೆ. ಪ್ರತಿ ವರ್ಷ ಹಂಚು ತೆಗೆದು ಸರಿಮಾಡಿ ಹೊದಿಸ್ತಿದ್ವಿ, ಈ ಸಲ ಬಡಗಿ ಮೇಲೆ ಹತ್ತಿ ನೋಡಿ, ಇದಕ್ಕೆ ಇನ್ನು ನನ್ನನ್ನ ಕರೀಬೇಡಿ, ಕಾಲಿಡೋಕೂ ಹೆದರಿಕೆ ಆಗುತ್ತೆ ಅಂದ. ಹೋದ ಮಳೆಗಾಲ ಮಂಚಗಳ ನಡುವೆ ಬೋಗುಣಿ ಇಟ್ಟು, ಒಬ್ಬ ಅಜ್ಜಿ ರಾತ್ರಿಯಿಡೀ ಎದ್ದು ಕೂತು ಬೋಗುಣಿ ತುಂಬ್ತು ತುಂಬ್ತು ಅಂತ ನಮ್ಮನ್ನ ಕರೀತಿದ್ರು. ಅದೇ ಕೋಣೆಯ ಕಿಟಕಿ ಪಕ್ಕದ ಮಂಚದಲ್ಲಿ ಈಗ ಅಕ್ಕೋರೇ ಮಲಗಿದ್ದಾರೆ. ಅವರಿಗೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು.

ಜೂನ್ ಮೊದಲ ವಾರದೊಳಗೆ ಕಬ್ಬಿಣದ ಪೈಪ್ ಹಾಕಿ, ಚೆನ್ನಾಗಿರೋ ಹಂಚನ್ನೇ ಆರಿಸಿ ಹೊದಿಸ್ಬೇಕು ಅಂತ ಇದ್ದೀವಿ. ಐವತ್ತು ರೂಪಾಯಿ ಆದ್ರೂ ಕಳಿಸಿ, ಟ್ರಸ್ಟ್ ಖಾತೆಗೇ ಹಾಕಿ, ರಸೀದಿ ಕೇಳಿ ತಗೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ತೆರಿಗೆ ವಿನಾಯ್ತಿ ಸಿಗೋದಿಲ್ಲ, ಹಾಗಾಗಿ ಚೆಕ್ಕೋ ಆನ್‌ಲೈನೋ ಒಳ್ಳೇದು. ದುಡ್ಡು ಆಗದಿದ್ರೆ ಹಳೇ ಕಾಟನ್ ಸೀರೆ, ಪಂಚೆ ಕೊಡಿ, ಹಾಸೋಕೆ ದಿನಾ ಬೇಕು. ಬಂದು ನೋಡೋದಾದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಎಲ್ಲರೂ ಎದ್ದಿರ್ತಾರೆ, ಗಂಜಿ ಕುಡಿಸೋಕೆ ಕೈಗಳೂ ಕಮ್ಮಿ ಇವೆ.