ಆಫ್ ಅನ್ನೋ ಪುಟಾಣಿ ಪದ

ಅಮ್ಮ, ಅಪ್ಪ, ಪುಟ್ಟಿ,

ನಾನು ಚೆನ್ನಾಗಿದೀನಿ, ಯೋಚನೆ ಮಾಡ್ಬೇಡಿ. ಮೊನ್ನೆ ಪುಟ್ಟಿ ಫೋನಲ್ಲಿ ಇಂಗ್ಲೆಂಡಲ್ಲಿ ಇಂಗ್ಲಿಷ್ ಕಷ್ಟ ಆಗತ್ತಾ ಅಂತ ಕೇಳಿದ್ಲಲ್ಲ, ಇಲ್ಲ ಅಂದ್ಬಿಟ್ಟೆ, ಆದ್ರೆ ದೊಡ್ಡ ದೊಡ್ಡ ಪದ ಯಾವ್ದೂ ಕಾಡ್ಲಿಲ್ಲ ಕಣೇ, ಕಾಡಿದ್ದು ಆಫ್.

ನಾವು ಲೈಟ್ ಆಫ್ ಮಾಡು, ಮೊಬೈಲ್ ಆಫ್ ಆಗಿದೆ ಅಂತ ದಿನಾ ಅಂತೀವಲ್ಲ, ಆಫ್ ಅಂದ್ರೆ ನಿಂತೋಗೋದು ಅಂತ್ಲೇ ನನ್ನ ತಲೇಲಿ ಕೂತಿತ್ತು. ಒಂದಿನ ಜೊತೇಲಿ ಕೆಲಸ ಮಾಡೋರೊಬ್ರು, ರಾತ್ರಿ ನಮ್ಮ ಬಿಲ್ಡಿಂಗಲ್ಲಿ ಫೈರ್ ಅಲಾರಂ ವೆಂಟ್ ಆಫ್ ಅಂದ್ರು, ನಾನು ಸದ್ಯ ಒಳ್ಳೇದಾಯ್ತು ಅಂದೆ. ಅವರು ಸುಮ್ನೆ ನನ್ನ ಮುಖ ನೋಡಿದ್ರು. ಆಮೇಲೆ ಗೊತ್ತಾಯ್ತು, ಅಲಾರಂ ಹೊಡ್ಕೊಂಡು ಮಗೂನ ಎತ್ಕೊಂಡು ಚಳೀಲಿ ಹೊರಗೆ ನಿಂತಿದ್ರಂತೆ ಪಾಪ. ತುಂಬಾ ಬೇಜಾರಾಗಿ ಸಾರಿ ಕೇಳಿದೆ. ಅಲಾರಂ ಗೋಸ್ ಆಫ್ ಅಂದ್ರೆ ಹೊಡ್ಕೊಳಕ್ಕೆ ಶುರು ಆಗೋದು, ಅದನ್ನ ನಿಲ್ಸೋದು ಟರ್ನ್ ಆಫ್. ಎರಡಕ್ಕೂ ಆಫೇ!

ಅವತ್ತಿಂದ ಈ ಪದದ ಹಿಂದೇನೇ ಬಿದ್ದಿದೀನಿ. ಹಾಲು ಆಫ್ ಅಂದ್ರೆ ಕೆಟ್ಟಿದೆ ಅಂತ, ಅಯಾಮ್ ಆಫ್ ಅಂದ್ರೆ ನಾ ಹೊರಟೆ, ಡೇ ಆಫ್ ಅಂದ್ರೆ ರಜ, ವೆಲ್ ಆಫ್ ಅಂದ್ರೆ ಅನುಕೂಲಸ್ಥರು. ಮೀಟಿಂಗನ್ನ ಪುಟ್ ಆಫ್ ಮಾಡಿದ್ರೆ ಮುಂದಕ್ಕೆ ಹೋಯ್ತು, ಕಾಲ್ ಆಫ್ ಮಾಡಿದ್ರೆ ಕ್ಯಾನ್ಸಲ್ಲೇ ಆಯ್ತು, ಇದೆರಡನ್ನ ಅದಲು ಬದಲು ಮಾಡ್ಕೊಂಡ್ರೆ ಕೆಲಸ ಕೆಟ್ಟ ಹಾಗೆ.

ಅಪ್ಪ, ಇದು ನಿಮಗೆ. ಕಾರ್ ರಿಪೇರಿ ಮಾಡೋನು ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಸವೆದಿರೋದನ್ನ ಬೆರಳಲ್ಲಿ ಸವರಿ ತೋರಿಸಿ, ಆಫ್‌ಸೈಡ್ ಟೈರ್ ಹಾಕಿಸ್ಬೇಕು ಅಂದ. ಆಫ್‌ಸೈಡ್ ಅಂದ್ರೆ ಬಲಗಡೆ, ಎಡಗಡೆ ನಿಯರ್‌ಸೈಡ್. ಇದು ಕುದುರೆ ಕಾಲದ ಮಾತು, ಕುದುರೆ ಹತ್ತೋದು, ಹಿಡಿದು ನಡೆಸೋದು ಎಲ್ಲಾ ಎಡಗಡೆಯಿಂದ, ಹಾಗಾಗಿ ಎಡ ಹತ್ರದ್ದು, ಬಲ ಆಚೇದು. ನೀವು ಮ್ಯಾಚ್ ನೋಡ್ತಾ ಆಫ್ ಸ್ಟಂಪ್ ಆಚೆ ಹೋಗೋ ಬಾಲ್ ಯಾಕಪ್ಪ ಮುಟ್ತಾನೆ ಅಂತೀರಲ್ಲ, ಬಲಗೈ ಬ್ಯಾಟ್ಸ್‌ಮನ್‌ಗೆ ಅದೂ ಬಲಗಡೆಯೇ, ಎಡಗೈಯೋನಿಗೆ ಮಾತ್ರ ತಿರುಗುಮುರುಗು.

ಅಂದ್ರೆ ಬೇರು ಒಂದೇ, ಯಾವ್ದರಿಂದಲೋ ಆಚೆ ಹೋಗೋದು, ಬಿಟ್ಟೋಗೋದು. ಒಂದು ಎಫ್ ಇರೋ ಆವ್ (of) ಅನ್ನೋ ಪದಾನೂ ಎರಡು ಎಫ್ ಇರೋ ಈ ಆಫೂ (off) ಹಳೇ ಇಂಗ್ಲಿಷಲ್ಲಿ ಒಂದೇ ಪದ, ಒತ್ತಿ ಹೇಳಿದ್ದು ಆಫ್ ಆಗಿ ಉಳೀತು, 17ನೇ ಶತಮಾನದ ಹೊತ್ತಿಗೆ ಪೂರ್ತಿ ಬೇರೆ ಆದ್ವು. ಅಲಾರಮ್ಮೂ ಹಂಗೇ ಅಂತ ನಾನು ಅರ್ಥ ಮಾಡ್ಕೊಂಡಿದೀನಿ, ತಡೆದು ಹಿಡಿದಿದ್ದು ಬಿಟ್ಕೊಂಡಾಗ ತಾನೇ ಸದ್ದು ಬರೋದು?

ಇಷ್ಟೆಲ್ಲಾ ತಲೆ ಕೆಡಿಸ್ಕೊಂಡಾಗ್ಲೇ ನಮ್ಮ ಹೋಗು ನೆನಪಾಗಿದ್ದು ಅಮ್ಮ. ಹಾಲು ಕೆಟ್ಟೋಯ್ತು, ದೀಪ ಆರೋಯ್ತು, ಕರೆಂಟ್ ಹೋಯ್ತು, ಮರ್ತೋಯ್ತು, ಹೋಗ್ಲಿ ಬಿಡು. ಇದನ್ನೆಲ್ಲಾ ನೀನು ನನಗೆ ಯಾವತ್ತೂ ಕೂರಿಸ್ಕೊಂಡು ಹೇಳ್ಕೊಟ್ಟಿಲ್ಲ, ಹಂಗೇ ಬಂತಲ್ಲ. ನೀನೂ ಪುಟ್ಟೀನೂ ಕೂತು ಹೋಗು ಸೇರೋ ಮಾತು ಇನ್ನೆಷ್ಟಿದೆ ನೋಡಿ, ಭಾನುವಾರ ಫೋನ್ ಮಾಡ್ದಾಗ ಒಂದೊಂದಾಗಿ ಓದ್ಬೇಕು, ನಾನು ಬರ್ಕೋತೀನಿ.

ನಿಮ್ಮ ಮಗ