ಎದುರಿಗೆ ಕುಳಿತ ತಾಯಿಯನ್ನು ನೋಡಿ ಬರೆಯಲು ಕಲಿಸಿ

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ನಮ್ಮ ಕಲಬುರಗಿಯಲ್ಲಿ ನಡೆದ ಶಾಲಾ ಮಕ್ಕಳ ಚಿತ್ರಕಲಾ ಸ್ಪರ್ಧೆಯೊಂದರಲ್ಲಿ ‘ನನ್ನ ತಾಯಿ’ ಎಂಬ ವಿಷಯ ಕೊಟ್ಟಿದ್ದರು. ಬಹುಮಾನ ವಿತರಣೆಯ ದಿನ ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಹೆಚ್ಚುಕಡಿಮೆ ಎಲ್ಲ ತಾಯಂದಿರಿಗೂ ಒಂದೇ ಮುಖ: ಕೆನ್ನೆಯನ್ನೇ ನುಂಗಿದಷ್ಟು ದೊಡ್ಡ ಕಣ್ಣು, ಎರಡು ಚುಕ್ಕೆಗಳಲ್ಲಿ ಮುಗಿದುಹೋದ ಮೂಗು, ಚೂಪಾದ ಗದ್ದ, ತಿಳಿಗುಲಾಬಿ ಬಣ್ಣದ ಚರ್ಮ. ಜೋಳದ ರೊಟ್ಟಿ ಬಡಿಯುವ, ತೊಗರಿ ಹೊಲದಲ್ಲಿ ಕಳೆ ತೆಗೆಯುವ, ಬೆಳಗಾದರೆ ಡಬ್ಬಿ ಕಟ್ಟಿಕೊಂಡು ಕಚೇರಿಗೆ ಓಡುವ ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ಒಬ್ಬರೂ ಆ ಗೋಡೆಯ ಮೇಲೆ ಕಾಣಲಿಲ್ಲ. ತಪ್ಪು ಮಕ್ಕಳದಲ್ಲ. ಹೆಣ್ಣಿನ ಮುಖ ಮತ್ತು ಮೈಕಟ್ಟನ್ನು ಬರೆಯಲು ಹೊಸದಾಗಿ ಕಲಿಯುವವರಿಗೆ ನಾವು ಮೊದಲ ದಿನವೇ ಮೊಬೈಲ್‌ನಲ್ಲಿರುವ ಚಿತ್ರವನ್ನು ತೋರಿಸಿ ‘ಇದನ್ನು ನೋಡಿ ಬರೆ’ ಎನ್ನುತ್ತಿದ್ದೇವೆ. ಭಾನುವಾರಗಳಂದು ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಹಲವು ವರ್ಷಗಳಿಂದ ಚಿತ್ರ ಕಲಿಸುತ್ತ ಬಂದಿರುವ ನಾನು, ಈ ಪದ್ಧತಿ ಬದಲಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊಬೈಲ್ ಚಿತ್ರದ ತೊಂದರೆ ಏನೆಂಬುದನ್ನು ಮೊದಲು ಹೇಳಬೇಕು. ಫೋನನ್ನು ಮುಖದ ಹತ್ತಿರ ಹಿಡಿದು ಫೋಟೊ ತೆಗೆದಾಗ ಮಸೂರಕ್ಕೆ ಸಮೀಪದಲ್ಲಿರುವ ಮೂಗು ಇದ್ದುದಕ್ಕಿಂತ ದೊಡ್ಡದಾಗಿಯೂ, ಹಿಂದಿರುವ ಕಿವಿ ಸಣ್ಣದಾಗಿಯೂ ಕಾಣುತ್ತವೆ. ಮುಖ ಅಂದಗೊಳಿಸುವ ಫಿಲ್ಟರ್ ಹಾಕಿದರಂತೂ ಕಣ್ಣು ಹಿಗ್ಗುತ್ತದೆ, ದವಡೆ ಕಿರಿದಾಗುತ್ತದೆ, ಚರ್ಮದ ಮೇಲಿನ ನೆರಳೆಲ್ಲ ಅಳಿಸಿಹೋಗುತ್ತದೆ. ಚಿತ್ರಕಾರನಿಗೆ ಮುಖದ ಉಬ್ಬುತಗ್ಗು ತಿಳಿಸುವುದೇ ಆ ನೆರಳು. ಅದಿಲ್ಲದ ಚಿತ್ರವನ್ನು ನಕಲು ಮಾಡಿದ ಮಗು ಗೆರೆಗಳನ್ನಷ್ಟೇ ಕಲಿಯುತ್ತದೆ, ಆ ಗೆರೆಗಳ ಹಿಂದಿರುವ ತಲೆಬುರುಡೆಯನ್ನು ಕಲಿಯುವುದಿಲ್ಲ. ಮುಖ ಎಡಕ್ಕೆ ಸ್ವಲ್ಪ ತಿರುಗಿತೆಂದರೆ ಮಗುವಿನ ಕೈ ನಿಂತುಬಿಡುತ್ತದೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ನನ್ನ ಅನುಭವದಲ್ಲಿ ಅಳತೆಯಿಂದ. ಮೊದಲ ಪಾಠದಲ್ಲಿ ಮಕ್ಕಳ ಕೈಗೆ ಪೆನ್ಸಿಲ್ ಕೊಡುವ ಮುನ್ನ ಅವರವರ ಮುಖವನ್ನು ಅವರೇ ಗೇಣು, ಬೆರಳುಗಳಲ್ಲಿ ಅಳೆಯುವಂತೆ ಹೇಳುತ್ತೇನೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವೆ ಇರುತ್ತವೆ ಎಂದರೆ ಮಕ್ಕಳಿಗಿರಲಿ, ಅವರನ್ನು ಬಿಡಲು ಬಂದ ತಂದೆ ತಾಯಂದಿರಿಗೂ ನಂಬಿಕೆ ಬರುವುದಿಲ್ಲ. ಎಲ್ಲರೂ ಕಣ್ಣನ್ನು ಹಣೆಯ ಹತ್ತಿರಕ್ಕೆ ಏರಿಸಿ ಬರೆಯುತ್ತಾರೆ, ಏಕೆಂದರೆ ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಗಳ ಮೇಲಿದ್ದು, ಕೂದಲಿನ ಅಡಿಯಲ್ಲಿರುವ ಬುರುಡೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಲೆಯ ಅಗಲದಲ್ಲಿ ಸುಮಾರು ಐದು ಕಣ್ಣುಗಳು ಹಿಡಿಸುತ್ತವೆ, ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗವಿರುತ್ತದೆ. ಹುಬ್ಬಿನ ಗೆರೆಗೂ ಮೂಗಿನ ಬುಡಕ್ಕೂ ನಡುವೆ ಕಿವಿ ಕೂರುತ್ತದೆ. ತುಟಿಯ ಸುತ್ತ ಗೆರೆ ಎಳೆಯುವ ಅಗತ್ಯವೇ ಇಲ್ಲ. ಬೆಳಕು ಮೇಲಿನಿಂದ ಬೀಳುವುದರಿಂದ ಮೇಲ್ದುಟಿ ಕಪ್ಪಾಗಿಯೂ ಕೆಳದುಟಿ ತಿಳಿಯಾಗಿಯೂ ಕಾಣುತ್ತದೆ, ಕೆಳದುಟಿಯ ಅಡಿಯ ಸಣ್ಣ ನೆರಳು ಅದನ್ನು ಮುಂದಕ್ಕೆ ತರುತ್ತದೆ. ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಿ ಬರೆಯುವುದನ್ನು ಬಿಡಿಸಲು ನನಗೆ ತಿಂಗಳುಗಳೇ ಹಿಡಿಯುತ್ತವೆ.

ಹೆಣ್ಣಿನ ಮುಖ ಗಂಡಿನ ಮುಖಕ್ಕಿಂತ ಎಲ್ಲಿ ಬೇರೆಯಾಗುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಹುಬ್ಬಿನ ಎಲುಬು ಕಡಿಮೆ ಉಬ್ಬಿರುತ್ತದೆ, ಹಣೆ ಹೆಚ್ಚು ನೆಟ್ಟಗಿರುತ್ತದೆ, ದವಡೆಯ ಮೂಲೆ ಮೃದುವಾಗಿರುತ್ತದೆ, ಗಂಟಲಿನ ಉಬ್ಬು ಎದ್ದು ಕಾಣುವುದಿಲ್ಲ. ದೇಹದಲ್ಲಿ ಕಟಿಯ ಎಲುಬು ಅಗಲ, ಅದಕ್ಕೆ ಹೋಲಿಸಿದರೆ ಹೆಗಲು ಕಿರಿದು. ಇವು ಸಾಮಾನ್ಯವಾದ ಮಾತುಗಳು. ಅಗಲ ದವಡೆಯ ಹೆಂಗಸರೂ ನಮ್ಮ ನಡುವೆ ಬೇಕಾದಷ್ಟಿದ್ದಾರೆ, ಅವರನ್ನು ಬರೆಯುವಾಗ ದವಡೆಯನ್ನು ಕಿರಿದು ಮಾಡಿದರೆ ಅದು ಅವರ ಚಿತ್ರವಾಗುವುದಿಲ್ಲ. ಕಾಡಿಗೆ, ಕುಂಕುಮ, ಮೂಗುಬೊಟ್ಟು ಇಟ್ಟರೆ ಹೆಣ್ಣಿನ ಮುಖವಾಯಿತು ಎಂಬ ಕಲ್ಪನೆಯನ್ನೂ ಮಕ್ಕಳಿಂದ ಬಿಡಿಸಬೇಕಾಗಿದೆ.

ನಮ್ಮದೇ ಶಿಲ್ಪ ಪರಂಪರೆಯಲ್ಲಿ ಇದೇ ಅಳತೆಯ ಪಾಠ ತಾಲಮಾನ ಎಂಬ ಹೆಸರಿನಲ್ಲಿದೆ. ಕೂದಲಂಚಿನಿಂದ ಗದ್ದದವರೆಗಿನ ಮುಖದ ಉದ್ದವೇ ಒಂದು ತಾಲ, ಅದರ 12 ಸಮಪಾಲುಗಳಲ್ಲಿ ಒಂದು ಪಾಲೇ ಒಂದು ಅಂಗುಲ. ನವತಾಲದ, ಎಂದರೆ ಒಂಬತ್ತು ತಾಲ ಎತ್ತರದ ಮೂರ್ತಿಗೆ ಒಟ್ಟು 108 ಅಂಗುಲ. ತಾಲವೆಂದರೆ ಅಂಗೈ ಎಂಬ ಅರ್ಥವೂ ಇದೆ. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈಯನ್ನು ಗದ್ದದ ಮೇಲಿಟ್ಟರೆ ಅದು ಹಣೆಯ ಕೂದಲಂಚನ್ನು ಮುಟ್ಟುವುದನ್ನು ಮಕ್ಕಳು ಕಂಡುಕೊಂಡಾಗ ಅವರ ಮುಖದಲ್ಲಿ ಮೂಡುವ ಅಚ್ಚರಿಯನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಆಮೇಲೆ ಅವರು ಕೈಯನ್ನು ಪುಟ್ಟದಾಗಿ ಬರೆಯುವ ತಪ್ಪು ಮಾಡುವುದು ಕಡಿಮೆಯಾಗುತ್ತದೆ. ನೆತ್ತಿಯಿಂದ ಗದ್ದದವರೆಗಿನ ತಲೆಯನ್ನು ಅಳತೆಗೋಲು ಮಾಡಿಕೊಂಡರೆ ನಿಂತ ವ್ಯಕ್ತಿ ಸಾಧಾರಣವಾಗಿ ಏಳರಿಂದ ಏಳೂವರೆ ತಲೆ ಎತ್ತರ. ಫ್ಯಾಷನ್ ಚಿತ್ರಗಳಲ್ಲಿ ಅದನ್ನು ಒಂಬತ್ತಕ್ಕೆ ಎಳೆಯುತ್ತಾರೆ, ನಮ್ಮ ಮಕ್ಕಳು ನಕಲು ಮಾಡುವುದು ಅದನ್ನೇ.

ನನ್ನ ಭಾನುವಾರದ ಪಾಠಕ್ಕೆ ಬರುವ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅವಳು ಮೇಲೆ ಹೇಳಿದ ಸ್ಪರ್ಧೆಯಲ್ಲಿ ಬರೆದ ತಾಯಿಯ ಚಿತ್ರಕ್ಕೆ ಸಮಾಧಾನಕರ ಬಹುಮಾನ ಬಂದಿತ್ತು. ಆದರೂ ಮುಂದಿನ ಭಾನುವಾರ ಬಂದವಳೇ ‘ನಮ್ಮ ಅವ್ವನ ಮಾರಿ ಹಿಂಗಿಲ್ರಿ’ ಎಂದಳು. ಹಾಗಾದರೆ ಅವ್ವ ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ನೋಡಿ ಬರೆ ಎಂದೆ. ಒಂದು ಕಣ್ಣು ಮುಚ್ಚಿ, ತೋಳನ್ನು ನೆಟ್ಟಗೆ ಚಾಚಿ, ಪೆನ್ಸಿಲ್ ತುದಿಯಿಂದ ಹೆಬ್ಬೆರಳಿನವರೆಗೆ ತಲೆಯ ಎತ್ತರವನ್ನು ಹಿಡಿದು, ಅದೇ ಅಳತೆಯನ್ನು ಕೆಳಗಿಳಿಸುತ್ತ ಹೋಗುವುದನ್ನು ಮೊದಲೇ ಕಲಿಸಿದ್ದೆ. ನೆಲದ ಮೇಲೆ ನೆಟ್ಟಗೆ ಕುಳಿತವರು ಸುಮಾರು ನಾಲ್ಕು ತಲೆ ಎತ್ತರ ಬರುತ್ತಾರೆ ಎಂದೂ ಹೇಳಿದ್ದೆ. ಅವಳು ತಂದು ತೋರಿಸಿದ ಹಾಳೆಯಲ್ಲಿ ಅವ್ವನ ಎತ್ತರ ಮೂರೂವರೆ ತಲೆಯಷ್ಟೇ ಇತ್ತು, ಏಕೆಂದರೆ ಆಕೆ ಮುಂದಕ್ಕೆ ಬಾಗಿದ್ದಳು. ರೊಟ್ಟಿ ಬಡಿಯುವ ಕೈಯ ಹೆಗಲು ಕಿವಿಯ ಹತ್ತಿರಕ್ಕೆ ಬಂದಿತ್ತು, ಇನ್ನೊಂದು ಕೈ ರೊಟ್ಟಿಯ ಅಂಚನ್ನು ತಿರುಗಿಸುತ್ತಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದಲ್ಲಿ ಸೀರೆಯ ಮಡಿಕೆಗಳೆಲ್ಲ ಒಂದೇ ಕಡೆ ಓಡಿ ಬಂದು ಕೂಡಿದ್ದವು. ಕಣ್ಣು ರೊಟ್ಟಿಯ ಮೇಲಿದ್ದುದರಿಂದ ಮುಖದಲ್ಲಿ ಕಾಣುವುದು ಮೇಲ್ರೆಪ್ಪೆ ಮಾತ್ರ. ಮೂಗು ಸ್ವಲ್ಪ ಸೊಟ್ಟಗಾಗಿತ್ತು, ಎಡಗೈಯ ಬೆರಳುಗಳು ಸರಿ ಬಂದಿರಲಿಲ್ಲ, ಅದು ಬೇರೆ ಮಾತು. ಆದರೆ ಅವಳ ಅವ್ವನನ್ನು ಬಲ್ಲ ಓಣಿಯವರು ಯಾರು ನೋಡಿದರೂ ಹೆಸರು ಹಿಡಿದು ಹೇಳುವಂತಿತ್ತು ಆ ಚಿತ್ರ. ಬಹುಮಾನ ಬಂದ ಚಿತ್ರದಲ್ಲಿ ಅವ್ವನ ಕಣ್ಣು ಎಷ್ಟು ದೊಡ್ಡದಾಗಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

ಬಟ್ಟೆಯ ವಿಷಯದಲ್ಲೂ ಇದೇ ಮಾತು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದ ಅಜ್ಜಿಯ ಕಿವಿ ಕಾಣುವುದಿಲ್ಲವಾದರೂ, ಅದು ಎಲ್ಲಿದೆ ಎಂದು ತಿಳಿದು ಹಗುರವಾಗಿ ಗುರುತು ಮಾಡಿಕೊಂಡ ಮೇಲೆಯೇ ಸೆರಗನ್ನು ಎಳೆಯಬೇಕು; ಇಲ್ಲದಿದ್ದರೆ ಸೆರಗು ತಲೆಯ ಮೇಲೆ ಕೂರದೆ ಹಲಗೆಯಂತೆ ಪಕ್ಕದಲ್ಲಿ ನಿಲ್ಲುತ್ತದೆ. ಹಿಜಾಬ್ ಧರಿಸುವ ನನ್ನ ಇಬ್ಬರು ವಿದ್ಯಾರ್ಥಿನಿಯರು ಒಬ್ಬರನ್ನೊಬ್ಬರು ಕೂರಿಸಿಕೊಂಡು ಬರೆಯುವಾಗ ಇದೇ ಪಾಠವನ್ನು ಬೇಗ ಕಲಿತರು. ತಾಂಡಾದಿಂದ ಸಂತೆಗೆ ಬರುವ ಲಂಬಾಣಿ ಹೆಣ್ಣುಮಗಳನ್ನು ಬರೆಯಲು ಹೇಳಿದರೆ ಮಕ್ಕಳು ಕಾಂಚಳಿ ಎಂಬ ರವಿಕೆ, ಫೇಟಿಯಾ ಎಂಬ ಲಂಗಗಳ ಮೇಲಿನ ಕನ್ನಡಿಗಳನ್ನು ಒಂದೂ ಬಿಡದೆ ಬರೆಯುತ್ತಾರೆ; ಅಷ್ಟು ಭಾರದ ಉಡುಪನ್ನು ಹೊತ್ತು ನಡೆಯುವ ಕಾಲುಗಳನ್ನು ಮರೆಯುತ್ತಾರೆ. ನೀರಿನ ಕೊಡವನ್ನು ಸೊಂಟಕ್ಕಿಟ್ಟುಕೊಂಡವಳು ಭಾರವಿರುವ ಕಡೆಗೆ ಸೊಂಟವನ್ನು ಚಾಚಿ, ಮೈಯನ್ನು ಅದರ ವಿರುದ್ಧ ದಿಕ್ಕಿಗೆ ವಾಲಿಸುತ್ತಾಳೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತರೆ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ. ಹೆಗಲಿಗೊಂದು, ಸೊಂಟಕ್ಕೊಂದು ಓರೆ ಗೆರೆ ಎಳೆದುಕೊಂಡು ಆರಂಭಿಸಿದರೆ ಗಂಟೆಯಂತೆ ನೆಟ್ಟಗೆ ನಿಂತ ಸೀರೆಯ ಬದಲು ಒಬ್ಬ ಮನುಷ್ಯಳು ಹಾಳೆಯ ಮೇಲೆ ಬಂದು ನಿಲ್ಲುತ್ತಾಳೆ.

ಇದನ್ನು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ಕಾಲದ ಗುಡಿಯ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಾಲುಗಳನ್ನು ಫಲಕದ ಮೇಲೆ ಬರೆಯುತ್ತಿರುವ ಸ್ತ್ರೀಯ ಶಿಲ್ಪವಿದೆ. ಶಾಸನ ಸುಂದರಿ ಎಂದು ಜನ ಕರೆಯುವ ಆಕೆಯ ಮುಂದೆ ಮಕ್ಕಳನ್ನು ಕೂರಿಸಿ, ಮೈಯ ಭಾರ ಯಾವ ಕಾಲಿನ ಮೇಲಿದೆ, ಹೆಗಲು ಯಾವ ಕಡೆ ಇಳಿದಿದೆ, ಕತ್ತು ಯಾವ ಕಡೆ ವಾಲಿದೆ ಎಂದು ಹುಡುಕಿಸಿದರೆ ಮೈ ಮೂರು ಕಡೆ ಬಾಗಿದ ತ್ರಿಭಂಗ ಎಂಬ ನಿಲುವಿನ ಪಾಠ ಅಲ್ಲೇ ಆಗಿಬಿಡುತ್ತದೆ. ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿರುವ ಅಶೋಕನ ಉಬ್ಬುಶಿಲ್ಪದಲ್ಲಿ ರಾಣಿಯೂ ಪರಿಚಾರಿಕೆಯರೂ ಇದ್ದಾರೆ. ಎಲ್ಲರೂ ರಾಜನ ಚಿತ್ರ ತೆಗೆದುಕೊಂಡು ಬರುತ್ತಾರೆ, ಆ ಹೆಂಗಸರು ನಿಂತ ಬಗೆಯನ್ನು ನೋಡಿ ಬರೆದುಕೊಂಡವರನ್ನು ನಾನು ಕಂಡಿಲ್ಲ. ಶಿಲ್ಪದ ಹೆಣ್ಣು ಶಿಲ್ಪಿಯ ಆದರ್ಶದ ಹೆಣ್ಣು, ಅಷ್ಟು ಸಣ್ಣ ನಡು ಮನೆಯಲ್ಲಿ ಯಾರಿಗೂ ಇರುವುದಿಲ್ಲ ಎಂಬುದನ್ನೂ ಅಲ್ಲಿಯೇ ಹೇಳಿಕೊಡಬೇಕು.

1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪ್ರಚಾರಚಿತ್ರಗಳಿಂದಲೂ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳಿಂದಲೂ ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತರ ಊರು ನಮ್ಮದು. ಅವರ ರಾಧೆ, ದಮಯಂತಿ, ಮೇನಕೆಯರನ್ನು ನಮ್ಮ ಎಷ್ಟೋ ಮಕ್ಕಳು ಚೌಕಳಿ ಹಾಕಿ ನಕಲು ಮಾಡುತ್ತಾರೆ. ನಕಲು ಮಾಡುವುದು ತಪ್ಪಲ್ಲ, ದೊಡ್ಡವರ ಕೈಬರಹವನ್ನು ತಿದ್ದಿಯೇ ಎಲ್ಲರೂ ಕಲಿಯುವುದು. ಆದರೆ ಆ ಮೈಯ ತಿರುವಿನ ಹಿಂದಿರುವ ಎಲುಬು, ಸ್ನಾಯುಗಳ ಅಭ್ಯಾಸವನ್ನು ಬಿಟ್ಟು ಒಡವೆಯ ಹೊಳಪನ್ನಷ್ಟೇ ನಕಲು ಮಾಡಿದರೆ ಪಂಡಿತರಿಂದ ಕಲಿಯಬೇಕಾದ್ದನ್ನು ಕಲಿತಂತಾಗುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಬಣ್ಣದ ಪೆಟ್ಟಿಗೆಯಲ್ಲಿನ ತಿಳಿಗುಲಾಬಿ ಕಡ್ಡಿಯನ್ನು ಮಕ್ಕಳು ‘ಸ್ಕಿನ್ ಕಲರ್’ ಎನ್ನುತ್ತಾರೆ. ಕಂದು ಮೈಬಣ್ಣದ ಮಗು ತನ್ನ ತಾಯಿಗೆ ಆ ಬಣ್ಣ ಬಳಿಯುವುದನ್ನು ನೋಡುವಾಗ ನನ್ನ ಕರುಳು ಚುರುಕ್ ಎನ್ನುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಬೆರೆಸಿ, ನೆರಳಿನಲ್ಲಿ ತುಸು ನೀಲಿ ಸೇರಿಸಿದರೆ ನಮ್ಮ ಬಿಸಿಲಿನಲ್ಲಿ ದುಡಿದ ಮೈಯ ಬಣ್ಣ ಬರುತ್ತದೆ. ಅದನ್ನು ಬೆರೆಸಲು ಕಲಿಸುವುದಕ್ಕೆ ಹತ್ತು ನಿಮಿಷ ಸಾಕು.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹೆಣ್ಣಿನ ಮೈಕಟ್ಟನ್ನು ಬರೆಯುವುದೆಂದರೆ ಕೆಟ್ಟದ್ದು ಎಂಬ ಅಂಜಿಕೆ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಇದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಂತ ಹೆಣ್ಣಿನ ಚಿತ್ರ ಬರೆದಿದ್ದ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ಬೈದು, ಆ ಪುಟವನ್ನು ಹರಿದು ಹಾಕಿದರು. ಸೀರೆಯುಟ್ಟ, ಯಾವ ಅಸಭ್ಯತೆಯೂ ಇಲ್ಲದ ಚಿತ್ರ ಅದು. ಅವನು ಮತ್ತೆ ಮನುಷ್ಯಾಕೃತಿ ಬರೆಯಲೇ ಇಲ್ಲ, ಗುಡ್ಡ, ಸೂರ್ಯ, ತೆಂಗಿನ ಮರಗಳಿಗೆ ಹಿಂತಿರುಗಿದ. ಅಂದು ನಾನು ಸುಮ್ಮನಿದ್ದದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ. ಎದುರಿಗೆ ಕುಳಿತವರನ್ನು ಅವರ ಒಪ್ಪಿಗೆ ಪಡೆದು, ಅರ್ಧ ಗಂಟೆ ಗಮನವಿಟ್ಟು ನೋಡಿ ಬರೆದ ಹುಡುಗ ಅವರನ್ನು ಗೌರವದಿಂದ ಕಾಣಲು ಕಲಿಯುತ್ತಾನೆ ಎಂಬುದು ನಾನು ಕಣ್ಣಾರೆ ಕಂಡ ಸಂಗತಿ. ಕದ್ದು ನೋಡುವ, ಕದ್ದು ಬರೆಯುವ ಸ್ಥಿತಿಗೆ ಮಕ್ಕಳನ್ನು ದೂಡುವವರು ನಾವೇ.

ಆದ್ದರಿಂದ ಶಾಲೆಗಳ ಮುಖ್ಯಸ್ಥರಲ್ಲಿಯೂ ಸ್ಪರ್ಧೆಗಳನ್ನು ನಡೆಸುವವರಲ್ಲಿಯೂ ನನ್ನ ವಿನಂತಿ ಇಷ್ಟು. ವಾರದಲ್ಲಿ ಒಂದು ಚಿತ್ರಕಲಾ ಅವಧಿಯನ್ನು ಎದುರಿಗೆ ಕುಳಿತವರನ್ನು ನೋಡಿ ಬರೆಯಲು ಮೀಸಲಿಡಿ. ಬಿಸಿಯೂಟದ ಅಡುಗೆಯವರು, ವಿದ್ಯಾರ್ಥಿಗಳ ಅಜ್ಜಿಯರು, ಶಿಕ್ಷಕಿಯರು, ಯಾರು ಒಪ್ಪುತ್ತಾರೋ ಅವರು ತಮ್ಮ ನಿತ್ಯದ ಉಡುಪಿನಲ್ಲಿ ಇಪ್ಪತ್ತು ನಿಮಿಷ ಕುಳಿತರೆ ಸಾಕು. ದುಡಿದು ಉಣ್ಣುವವರನ್ನು ಕೂರಿಸಿದರೆ ಅವರ ಸಮಯಕ್ಕೆ ಕೂಲಿ ಕೊಡಿ. ಎರಡು ನಿಮಿಷದ ಐದು ಚಿತ್ರ, ಆಮೇಲೆ ಹತ್ತು ನಿಮಿಷದ ಒಂದು ಚಿತ್ರ ಬರೆಸಿ, ಆ ಹೊತ್ತಿನಲ್ಲಿ ರಬ್ಬರನ್ನು ಮೇಜಿನ ಮೇಲಿಂದ ತೆಗೆದಿಡಿ. ಹಳೆಯ ದಿನಪತ್ರಿಕೆಯ ಮೇಲೂ ಇದ್ದಿಲಿನಿಂದ ಈ ಅಭ್ಯಾಸ ನಡೆಯುತ್ತದೆ, ದುಬಾರಿ ಹಾಳೆ ಬೇಕಾಗಿಲ್ಲ. ಮುಂದಿನ ಬಾರಿ ‘ನನ್ನ ತಾಯಿ’ ಎಂಬ ವಿಷಯ ಕೊಡುವವರು ಸ್ಪರ್ಧೆಗೆ ಒಂದು ವಾರ ಮೊದಲೇ ಅದನ್ನು ತಿಳಿಸಿ, ಮನೆಯಲ್ಲಿ ತಾಯಿಯನ್ನು ನೋಡಿ ಬರೆದ ಕರಡು ಚಿತ್ರಗಳನ್ನೂ ಜೊತೆಗೆ ತರುವಂತೆ ಹೇಳಲಿ, ತೀರ್ಪುಗಾರರು ಆ ಕರಡುಗಳಿಗೂ ಅಂಕ ಕೊಡಲಿ. ಸ್ಪರ್ಧೆಯ ದಿನ ಮಕ್ಕಳ ಕರಡುಗಳನ್ನು ಜೋಡಿಸಿ ಗೋಡೆಗೆ ಅಂಟಿಸುವ ಕೆಲಸಕ್ಕೆ ನಾನೂ ನನ್ನ ವಿದ್ಯಾರ್ಥಿಗಳೂ ಬರಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ, ಕಲಬುರಗಿ